ಗುಂಟೆ ಲೆಕ್ಕದ ಮನೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯಿಂದ ಹುಬ್ಬಳ್ಳಿಗೆ ದುಡಿಯಲು ಬಂದು, ಹತ್ತು ಹದಿನೈದು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವರು ಸ್ವಂತ ಜಾಗ ಹುಡುಕಲು ಹೊರಟಾಗ ಮೊದಲು ಕೇಳುವ ಮಾತು, "ಗುಂಟೆಗೆ ಎಷ್ಟರೀ?" ಪೇಟೆಯೊಳಗಿನ ನಿವೇಶನಕ್ಕೆ ಚದರ ಅಡಿಯ ಲೆಕ್ಕ. ಊರಂಚಿನದಕ್ಕೆ ಗುಂಟೆಯ ಲೆಕ್ಕ. ಈ ಎರಡು ಲೆಕ್ಕಗಳ ನಡುವೆ ಇರುವುದು ಬರೀ ಹಣದ ಅಂತರವಲ್ಲ.

ಗುಂಟೆ ಮನೆಯ ಅಳತೆಯೇ ಅಲ್ಲ. 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಧಾರವಾಡ ಸೀಮೆಯ ಹೊಲಗಳ ಸರ್ವೇ ನಡೆಯಿತು. ಮುಂಬೈ ಪ್ರಾಂತದ ಸರ್ವೇಯವರ ಕೈಯಲ್ಲಿ ಇದ್ದದ್ದು 33 ಅಡಿಯ ಸರಪಳಿ. ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಜೋಳ, ಹತ್ತಿ ಬೆಳೆಯುವ ಹೊಲಕ್ಕೆ ಕಂದಾಯ ಕಟ್ಟಲು ಹುಟ್ಟಿದ ಲೆಕ್ಕ ಇದು. 1879ರ ಮುಂಬೈ ಭೂಕಂದಾಯ ಕಾಯ್ದೆಯ 65ನೇ ಕಲಮು, ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದಾದರೆ ಕಲೆಕ್ಟರರ ಅಪ್ಪಣೆ ಬೇಕು ಎಂದಿತು. 1964ರ ನಮ್ಮ ಭೂಕಂದಾಯ ಕಾಯ್ದೆಯ 95ನೇ ಕಲಮು ಅದನ್ನೇ ಮುಂದುವರಿಸಿತು. ನಮ್ಮ ಕಡೆಯ ಕಾಗದಪತ್ರಗಳಲ್ಲಿ ಇಂದಿಗೂ ಉಳಿದಿರುವ 'ಬಿನ್‌ಶೇತ್ಕಿ' ಅಥವಾ 'ಎನ್.ಎ.' ಎಂಬ ಮಾತಿನ ಮೂಲ ಇಲ್ಲಿದೆ. ಗುಂಟೆ ಲೆಕ್ಕದಲ್ಲಿ ಕೊಂಡವನು ಕಾಗದದ ಮೇಲೆ ಕೊಳ್ಳುವುದು ಹೊಲವನ್ನೇ.

ನಮ್ಮ ಅಬ್ಬಾ ಕೊಂಡದ್ದೂ ಹಾಗೆಯೇ. ಅವರು ನವಲಗುಂದದವರು, ಹುಬ್ಬಳ್ಳಿಯಲ್ಲಿ ಹೊಲಿಗೆ ಕೆಲಸ. 1994ರಲ್ಲಿ ಕುಸುಗಲ್ ರಸ್ತೆಯ ಕಡೆ ಒಂದು ಗುಂಟೆ ತೋರಿಸಿದವನು ಹೇಳಿದ್ದು ನನಗಿನ್ನೂ ನೆನಪಿದೆ: "ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಇವತ್ತ ಹೊಲ, ನಾಳೆ ಊರು." ಅಬ್ಬಾ ಆ ದಿಕ್ಕನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಅದು ನವಲಗುಂದದ ಬಸ್ಸು ಹೋಗುವ ದಾರಿ. ಗಮನಿಸಿ ನೋಡಿ, ಕಲಘಟಗಿಯವರು ಕಾರವಾರ ರಸ್ತೆಯ ಕಡೆ ನೋಡುತ್ತಾರೆ, ಅಣ್ಣಿಗೇರಿಯವರು ಗದಗ ರಸ್ತೆಯ ಕಡೆ. ಹಬ್ಬಕ್ಕೆ, ಮಣ್ಣಿಗೆ, ಸುಗ್ಗಿಗೆ ಬೇಗ ಊರು ಸೇರಬೇಕು. ನಗರದ ನಕ್ಷೆ ಬರೆಯುವವರ ಲೆಕ್ಕಕ್ಕೆ ಬಾರದ ವಿಚಾರ ಇದು.

ಹಾಗಾದರೆ ಊರಲ್ಲೇ ಇದ್ದು ಹುಬ್ಬಳ್ಳಿಗೆ ಓಡಾಡಬಾರದೇಕೆ? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹುಬ್ಬಳ್ಳಿಯಲ್ಲಿ ಕಾರ್ಖಾನೆ ಎದ್ದಿತು. ಗದಗಿನ ದಾರಿಯಲ್ಲಿ ಅಣ್ಣಿಗೇರಿಗೂ, ಹರಿಹರದ ದಾರಿಯಲ್ಲಿ ಕುಂದಗೋಳಕ್ಕೂ ನಿಲ್ದಾಣ ಸಿಕ್ಕಿತು. ನವಲಗುಂದ, ಕಲಘಟಗಿಗೆ ಸಿಗಲಿಲ್ಲ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ತುಣುಕು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ರೈಲು ಹತ್ತಿ ಹುಬ್ಬಳ್ಳಿಗೆ ಬಂದವನು ಸರ್ಕಾರವನ್ನೇ ದಾಟಿ ಬರುತ್ತಿದ್ದ. ಈ ದಾರಿಯ ಅತಿ ಪ್ರಸಿದ್ಧ ಪ್ರಯಾಣಿಕರು ಮಾತ್ರ ಎದುರು ದಿಕ್ಕಿನವರು. ಗಂಗೂಬಾಯಿ ಹಾನಗಲ್ ಅವರ ಮನೆತನ 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆ ನಿಂತಾಗ ಅವರು ಪಾಠಕ್ಕೆಂದು ದಿನವೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಎಂಥ ದೊಡ್ಡ ಕಲಿಕೆಗೂ ಸಂಜೆಯ ರೈಲಿನ ಹೊತ್ತು ನೋಡಲೇಬೇಕಿತ್ತು! ಇಂದು ಕುಂದಗೋಳದಲ್ಲಿ ಮನೆ ಮಾಡಿ ಪಾಸ್ ತೆಗೆಸಿ ಓಡಾಡುವ ಗುಮಾಸ್ತನದೂ ಅದೇ ಬದುಕು. ಮನೆಗೆ ಉಳಿದ ಹಣ ದಿನದ ಹೊತ್ತಿನಲ್ಲಿ ಕರಗುತ್ತದೆ. ರಾತ್ರಿ ಪಾಳಿಯವನಿಗಂತೂ ಈ ದಾರಿ ಒಗ್ಗುವುದಿಲ್ಲ.

ಇನ್ನು ನೆಲದ ಮಾತು. ಹುಬ್ಬಳ್ಳಿ ನಿಂತಿರುವುದು ಎರೆ ಮತ್ತು ಕೆಂಪು ಮಣ್ಣು ಕೂಡುವಲ್ಲಿ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿವರೆಗೆ ಎರೆಭೂಮಿ. ಪಶ್ಚಿಮಕ್ಕೆ ಕಲಘಟಗಿಯ ಕಡೆ ಕೆಂಪು ಮಣ್ಣು, ಮಲೆನಾಡಿನ ಸೆರಗು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ಹಿಡಿಸುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ, ತೆಳ್ಳನೆಯ ಇಟ್ಟಿಗೆ ಗೋಡೆಗೆ ಇದಕ್ಕಿಂತ ಕೆಟ್ಟ ನೆಲವಿಲ್ಲ. ನಮ್ಮ ಹಿರಿಯರು ದಪ್ಪ ಮಣ್ಣಿನ ಗೋಡೆ ಎತ್ತಿ, ಕಟ್ಟಿಗೆಯ ಕಂಬ ತೊಲೆಗಳ ಮೇಲೆ ಮಾಳಿಗೆ ಹಾಕುತ್ತಿದ್ದರು. ನೆಲ ಅಲುಗಿದರೆ ಮನೆಯೂ ತುಸು ಅಲುಗಿ ಸುಮ್ಮನಾಗುತ್ತಿತ್ತು. ಬಿರುಕನ್ನು ಹಬ್ಬದ ಮುಂದೆ ಮೆತ್ತಿದರೆ ಆಯಿತು. ಸಿಮೆಂಟಿನ ಮನೆಗೆ ಆ ಸಹನೆ ಇಲ್ಲ. ಅದಕ್ಕೆ ಗರಸು ಸಿಗುವವರೆಗೆ ತೋಡಿ ಬುನಾದಿ ಹಾಕಬೇಕು. ಪೂರ್ವದ ಪ್ಲಾಟು ಅಗ್ಗವೆಂದು ಕೊಂಡವರು ಉಳಿಸಿದ ದುಡ್ಡನ್ನು ಆ ತಗ್ಗಿಗೆ ಸುರಿದದ್ದನ್ನು ನಾನು ಕಂಡಿದ್ದೇನೆ. ನಮ್ಮ ಮನೆಯಲ್ಲಿ ಸುರಿಯಲು ಇರಲಿಲ್ಲ. ಅಡುಗೆ ಮನೆಯ ಗೋಡೆ ಮೂರನೇ ಬೇಸಿಗೆಗೇ ಬಾಯಿ ಬಿಟ್ಟಿತು.

ನೀರಿನದು ಬೇರೆಯೇ ಕತೆ. ಹುಬ್ಬಳ್ಳಿಗೆ ನೀರು ಕೊಡುವ ನೀರಸಾಗರ ಕೆರೆ ಇರುವುದು ಕಲಘಟಗಿ ತಾಲೂಕಿನಲ್ಲಿ. ಆ ತಾಲೂಕಿನಿಂದ ಬಂದು ಹುಬ್ಬಳ್ಳಿಯ ಅಂಚಿನಲ್ಲಿ ಪ್ಲಾಟು ಕೊಂಡವರು, ತಮ್ಮೂರ ಕೆರೆಯ ನೀರಿಗಾಗಿ ವಾರಗಟ್ಟಲೆ ಕಾದು ಕೊನೆಗೆ ಟ್ಯಾಂಕರಿಗೆ ಹಣ ಎಣಿಸಿದ್ದಾರೆ.

ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಎರಡರ ನಡುವೆ ನವನಗರ ಬೆಳೆಯಿತು. ಯೋಜನೆ ಹಾಕಿ ಕಟ್ಟಿದ ಬಡಾವಣೆ. ರಸ್ತೆ ಅಗಲ, ಕಾಗದ ಚೊಕ್ಕ. ಒಂದು ಕಾಲಕ್ಕೆ "ಅಲ್ಲಿ ಯಾರ್ ಹೋಗ್ತಾರ?" ಎಂದವರೇ, 2020ರಲ್ಲಿ ಚಿಗರಿ ಬಸ್ಸುಗಳ ಪಥ ವಿಧಿವತ್ತಾಗಿ ಉದ್ಘಾಟನೆಯಾದ ಹೊತ್ತಿಗೆ ಆ ಸಾಲಿನ ದರ ಕೇಳಿ ಹಿಂದೆ ಸರಿದರು. ಒಳ್ಳೆಯ ರಸ್ತೆ ಬರುವ ಮೊದಲು ಅಲ್ಲಿಗೆ ಹೋಗುವ ಧೈರ್ಯ ಸಂಬಳದವನಿಗೆ ಇರುತ್ತದೆ. ಬ್ಯಾಂಕು ಅವನ ಬೆನ್ನಿಗೆ ಇರುತ್ತದೆ.

ಬ್ಯಾಂಕು ಕೇಳುವುದು ಎರಡು: ಸಂಬಳದ ಚೀಟಿ, ಬಿನ್‌ಶೇತ್ಕಿ ಆದ ಜಾಗ. ಹಮಾಲ, ಆಟೋದವ, ಹೊಲಿಗೆಯವ ಯಾವ ಜಾತಿಯವನಾದರೂ ಮೊದಲನೆಯದು ಅವನಲ್ಲಿಲ್ಲ. ಮುಸ್ಲಿಂ ಮನೆಗಳಲ್ಲಿ ಇದರ ಮೇಲೆ ಬಡ್ಡಿಯ ಅಂಜಿಕೆಯೂ ಸೇರುತ್ತದೆ. ಸಾಲವಿಲ್ಲದವನಿಗೆ ಎಟುಕುವುದು ಕಂತಿನಲ್ಲಿ ಮಾರುವ ಗುಂಟೆ ಪ್ಲಾಟು. ಗುಂಟೆ ಪ್ಲಾಟು ಕೊಂಡವನಿಗೆ ಮನೆ ಕಟ್ಟಲು ಮತ್ತೆ ಸಾಲ ಸಿಗದು. ಬಡ್ಡಿಯಿಂದ ತಪ್ಪಿಸಿಕೊಂಡೆವು ಎಂದು ಸಮಾಧಾನಪಟ್ಟವರು ಕಂತಿನ ಒಟ್ಟು ಮೊತ್ತವನ್ನು ಒಮ್ಮೆ ಕೂಡಿಸಿ ನೋಡುವುದು ಒಳ್ಳೆಯದು. ಅಬ್ಬಾ ಕೂಡಿಸಲಿಲ್ಲ. ಕೂಡಿಸಿದ್ದು ನಾನು, ಬಹಳ ತಡವಾಗಿ.

ಆ ಗುಂಟೆಗೆ ತೆತ್ತದ್ದು ಹಣವಷ್ಟೇ ಅಲ್ಲ. ನವಲಗುಂದದ ಹೆಸರಾದ ಜಮಖಾನೆಗಳನ್ನು ನೇಯುವವರು ನಮ್ಮ ಹೆಣ್ಣುಮಕ್ಕಳು. ಅವರ ಮಗ್ಗ ಮನೆಯೊಳಗೇ ಗೋಡೆಯ ಬದಿಗೆ ನೆಟ್ಟಗೆ ನಿಲ್ಲುವಂಥದು. ನಮ್ಮ ದೊಡ್ಡಮ್ಮ ನೇಯುತ್ತಿದ್ದರು. ಅಬ್ಬಾ ಅವರನ್ನು ಹೊಸ ಮನೆಗೆ ಕರೆತಂದಾಗ ಮಗ್ಗ ಊರಲ್ಲೇ ಉಳಿಯಿತು. ಹೊಸ ಮನೆಯಲ್ಲಿ ಅಷ್ಟು ಎತ್ತರದ, ಅಷ್ಟು ಗಟ್ಟಿಯ ಗೋಡೆ ಒಂದೂ ಇರಲಿಲ್ಲ.

2013ರಲ್ಲಿ ಗ್ರಾಮ ಪಂಚಾಯತಿಗಳಿಗೆ ಇ-ಸ್ವತ್ತು ಬಂದಾಗ ಫಾರ್ಮ್ 9 ಇಲ್ಲದ ಪ್ಲಾಟುಗಳನ್ನು ಮಾರುವುದು ಕಷ್ಟವಾಯಿತು. ಅಕ್ರಮ-ಸಕ್ರಮ ಯೋಜನೆಯ ಮೇಲೆ ಓಣಿಯವರೆಲ್ಲ ಕಣ್ಣಿಟ್ಟಿದ್ದೆವು; 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅಬ್ಬಾ ತೀರಿಕೊಂಡ ಮೇಲೆ ಹೆಸರು ಬದಲಾಯಿಸಲೆಂದು ನಾನು ಉತಾರ ತೆಗೆಸಿದೆ. ಒಂದೇ ಸರ್ವೇ ನಂಬರಿನಡಿ ಇಪ್ಪತ್ತೇಳು ಹೆಸರು, ಒಬ್ಬೊಬ್ಬರ ಮುಂದೆಯೂ ಒಂದೊಂದು ಗುಂಟೆ. ಅಬ್ಬಾರ ಹೆಸರು ಹತ್ತೊಂಬತ್ತನೆಯದು. ಬೆಳೆಯ ಕಾಲಮಿನಲ್ಲಿ ಬರೆದಿತ್ತು: ಜೋಳ.