ಉಸಿರುಗಟ್ಟು: ಒಂದು ಕ್ರಿಯಾಪದದ ಚರಿತ್ರೆ

ದಿನಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಒಂದು ಶೀರ್ಷಿಕೆ ಕಾಣಿಸುತ್ತದೆ: 'ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸಾವು'. ಊರು ಬದಲಾಗುತ್ತದೆ, ಸತ್ತವರ ಸಂಖ್ಯೆ ಬದಲಾಗುತ್ತದೆ, ಕ್ರಿಯಾಪದ ಮಾತ್ರ ಬದಲಾಗುವುದಿಲ್ಲ. ಓದುಗರಾದ ನಾವು ಅದನ್ನು ಓದಿ ಪುಟ ತಿರುಗಿಸುತ್ತೇವೆ. ಈ 'ಉಸಿರುಗಟ್ಟು' ಎಂಬ ಪದ ಎಲ್ಲಿಂದ ಬಂತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದು ಕೇವಲ ನಿಘಂಟುಕಾರರ ಚಿಂತೆಯಲ್ಲ. ಈ ಪದದ ಹಿಂದೆ ಒಂದು ಚರಿತ್ರೆಯೇ ಇದೆ.

ಮೊದಲು ನಮ್ಮ ಭಾಷೆಯಿಂದಲೇ ಆರಂಭಿಸೋಣ. 'ಉಸಿರು' ಮತ್ತು 'ಕಟ್ಟು' ಸೇರಿದಾಗ ಕಕಾರಕ್ಕೆ ಗಕಾರ ಬಂದು 'ಉಸಿರುಗಟ್ಟು' ಆಗುತ್ತದೆ. ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಉಸಿರು ಅಚ್ಚ ದ್ರಾವಿಡ ಪದ. ತಮಿಳಿನ 'ಉಯಿರ್' ಇದರದೇ ಬಳಗಕ್ಕೆ ಸೇರಿದ್ದು, ಅಲ್ಲಿ ಅದಕ್ಕೆ ಜೀವ ಎಂದೇ ಅರ್ಥ. ಕನ್ನಡದಲ್ಲಿ ಈ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಹಳಗನ್ನಡದಲ್ಲಿ 'ಉಸಿರ್' ಎಂದರೆ ಹೇಳು, ನುಡಿ. ಇಂದಿಗೂ ನಾವು ಗುಟ್ಟನ್ನು ಕಿವಿಯಲ್ಲಿ 'ಉಸುರುತ್ತೇವೆ'. ಬಾಯಿ ತೆರೆಯಬಾರದು ಎನ್ನಲು 'ಉಸಿರೆತ್ತಬೇಡ' ಎನ್ನುತ್ತೇವೆ. ಅಂದರೆ ಗಾಳಿ, ಜೀವ, ಮಾತು ಈ ಮೂರನ್ನೂ ಕನ್ನಡ ಒಂದೇ ಪದದಲ್ಲಿ ಇಟ್ಟಿದೆ. ಉಸಿರು ಕಟ್ಟಿದರೆ ಮೂರೂ ಒಟ್ಟಿಗೇ ನಿಲ್ಲುತ್ತವೆ.

ಬೇರೆ ಭಾಷೆಗಳು ಇದೇ ಸಂಕಟವನ್ನು ದೇಹದ ಬೇರೆ ಬೇರೆ ಜಾಗಗಳಲ್ಲಿ ಗುರುತಿಸಿವೆ. ಇಂಗ್ಲಿಷಿನ 'ಸಫೊಕೇಟ್' ಲ್ಯಾಟಿನ್ನಿನಿಂದ ಬಂದದ್ದು. 'ಸಬ್' ಎಂದರೆ ಕೆಳಗೆ, 'ಫೌಸೆಸ್' ಎಂದರೆ ಗಂಟಲು. ಅಲ್ಲಿ ಗಾಳಿಯ ಪ್ರಸ್ತಾಪವೇ ಇಲ್ಲ, ಇರುವುದು ಒತ್ತಿದ ಗಂಟಲು ಮಾತ್ರ. ಉರ್ದುವಿನಲ್ಲಿ 'ದಮ್ ಘುಟ್ನಾ'. ಈ 'ದಮ್' ಉಸಿರು ಎಂಬರ್ಥದ ಪಾರ್ಸಿ ಪದ. ನಮ್ಮ ಕನ್ನಡದ ದಮ್ಮು ಅದೇ. ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಆವಿಯನ್ನು ಒಳಗೇ ಹಿಡಿದಿಟ್ಟು ಬೇಯಿಸುವ ದಮ್ ಬಿರಿಯಾನಿಯ ದಮ್ ಕೂಡ ಅದೇ.

ವೈದ್ಯರು ಬಳಸುವ 'ಅಸ್ಫಿಕ್ಸಿಯ'ದ ಕಥೆ ಇನ್ನೂ ವಿಚಿತ್ರ. ಗ್ರೀಕಿನಲ್ಲಿ 'ಸ್ಫಿಕ್ಸಿಸ್' ಎಂದರೆ ನಾಡಿಮಿಡಿತ. 'ಅ' ಸೇರಿದರೆ ನಾಡಿ ಇಲ್ಲದಿರುವುದು. ಗಾಳಿಗೂ ಆ ಪದಕ್ಕೂ ಸಂಬಂಧವೇ ಇರಲಿಲ್ಲ! ಶ್ವಾಸಕ್ಕೂ ರಕ್ತಕ್ಕೂ ಏನು ನಂಟು ಎಂಬುದು ಶತಮಾನಗಳ ಕಾಲ ಸ್ಪಷ್ಟವಾಗಿರದಿದ್ದುದೇ ಇದಕ್ಕೆ ಹಿನ್ನೆಲೆ. ಹೃದಯದ ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು ಎಡಭಾಗಕ್ಕೆ ಬರುತ್ತದೆಂದು 13ನೇ ಶತಮಾನದಲ್ಲಿ ಬರೆದವರು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್. ಯುರೋಪಿನಲ್ಲಿ ವಿಲಿಯಂ ಹಾರ್ವೆಯ ರಕ್ತಪರಿಚಲನೆಯ ಗ್ರಂಥ ಬಂದದ್ದು 1628ರಲ್ಲಿ. 18ನೇ ಶತಮಾನದಲ್ಲಿ ನೀರಿನಲ್ಲಿ ಮುಳುಗಿ ನಾಡಿ ಸಿಗದೆ ಸತ್ತಂತೆ ಕಂಡವರನ್ನು ಬದುಕಿಸಲು 1767ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲೂ 1774ರಲ್ಲಿ ಲಂಡನ್‌ನಲ್ಲೂ ಸಂಘಗಳು ಹುಟ್ಟಿಕೊಂಡವು. ಅದೇ ಕಾಲದಲ್ಲಿ ಆಮ್ಲಜನಕವೂ ಪತ್ತೆಯಾಯಿತು. ಮುಳುಗಿದವರನ್ನು ಕೊಲ್ಲುವುದು ಗಾಳಿಯ ಕೊರತೆ ಎಂಬುದು ಖಚಿತವಾಯಿತು. ಅರ್ಥ ಬದಲಾಯಿತು, ಹಳೆಯ ಪದ ಹಾಗೆಯೇ ಉಳಿಯಿತು. ಇಂದಿಗೂ ನಮ್ಮ ಮರಣೋತ್ತರ ಪರೀಕ್ಷಾ ವರದಿಗಳಲ್ಲಿ ಬರೆಯುವುದು ಅದೇ 'ಅಸ್ಫಿಕ್ಸಿಯ'.

ಅರಬಿ ಭಾಷೆ ಇಲ್ಲಿ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಅಲ್ಲಿ ಖ-ನ-ಕ ಎಂಬ ಧಾತುವಿನಿಂದ 'ಖನಕ' ಎಂದರೆ ಕತ್ತು ಹಿಸುಕಿದನು, 'ಇಖ್ತನಕ' ಎಂದರೆ ಉಸಿರುಗಟ್ಟಿದನು. ಗಂಟಲುಮಾರಿ ರೋಗಕ್ಕೆ ಉರ್ದುವಿನಲ್ಲಿರುವ 'ಖುನಾಕ್' ಎಂಬ ಹೆಸರೂ ಇದೇ ಧಾತುವಿನದು. ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 3ನೇ ಸೂಕ್ತದಲ್ಲಿ ನಿಷಿದ್ಧ ಆಹಾರಗಳ ಪಟ್ಟಿ ಇದೆ. ಅದರಲ್ಲಿ 'ಮುನ್‌ಖನಿಕಃ' ಒಂದು. ಅಂದರೆ ಉಸಿರುಗಟ್ಟಿ ಸತ್ತ ಪ್ರಾಣಿ. ಯಾರಾದರೂ ಬೇಕೆಂದೇ ಕತ್ತು ಹಿಸುಕಿರಲಿ, ಕಟ್ಟಿದ ಹಗ್ಗಕ್ಕೆ ತಾನಾಗಿ ಸಿಲುಕಿ ಸತ್ತಿರಲಿ, ಎರಡೂ ಇದರಲ್ಲಿ ಸೇರುತ್ತವೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆಹಾರದ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯವಲ್ಲ. ಆದರೆ ಸತ್ತದ್ದು ಮನುಷ್ಯನಾದರೆ? ಆಗ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು: ಉಸಿರು ತಾನಾಗಿ ಕಟ್ಟಿತೇ, ಯಾರಾದರೂ ಕಟ್ಟಿದರೇ?

ಕನ್ನಡದಲ್ಲಿ ಈ ವ್ಯತ್ಯಾಸ ಬಹಳ ಚಿಕ್ಕದು. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಮೋಡ ಕಟ್ಟುತ್ತದೆ. ಇವುಗಳಿಗೆ ಮಾಡುವವನು ಬೇಕಿಲ್ಲ. 'ಉಸಿರುಗಟ್ಟು' ಕೂಡ ಇದೇ ಸಾಲಿನದು. ಮಾಡಿದವನನ್ನು ತೋರಿಸಬೇಕಾದರೆ 'ಇಸು' ಪ್ರತ್ಯಯ ಹಚ್ಚಿ 'ಉಸಿರುಗಟ್ಟಿಸು' ಎನ್ನಬೇಕು. ಚರಿತ್ರೆಯಲ್ಲಿ ಈ ಪ್ರತ್ಯಯ ಯಾರ ಪಾಲಿಗೆ ಬಂತು, ಯಾರ ಪಾಲಿಗೆ ಬರಲಿಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಎರಡು ಘಟನೆಗಳಿವೆ.

ಮೊದಲನೆಯದು ಕಲ್ಕತ್ತೆಯ 'ಕಪ್ಪು ಕೋಣೆ'. 1756ರ ಜೂನ್ 20ರಂದು ಬಂಗಾಳದ ನವಾಬ ಸಿರಾಜುದ್ದೌಲನ ಸೈನ್ಯ ಫೋರ್ಟ್ ವಿಲಿಯಂ ಕೋಟೆಯನ್ನು ವಶಪಡಿಸಿಕೊಂಡಿತು. ಆ ರಾತ್ರಿ ಸೆರೆಯಾಳುಗಳನ್ನು ಕೋಟೆಯ ಪುಟ್ಟ ಕೋಣೆಯೊಂದರಲ್ಲಿ ಕೂಡಿಹಾಕಲಾಯಿತು. ಬದುಕುಳಿದ ಹಾಲ್‌ವೆಲ್ ಎಂಬ ಕಂಪೆನಿ ಅಧಿಕಾರಿ 146 ಮಂದಿಯಲ್ಲಿ 123 ಮಂದಿ ಸತ್ತರೆಂದು ಬರೆದ. 1758ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪುಸ್ತಕದ ಶೀರ್ಷಿಕೆಯಲ್ಲೇ 'ಸಫೊಕೇಟ್' ಕ್ರಿಯಾಪದವಿದೆ. ಈ ಸಂಖ್ಯೆ ಉತ್ಪ್ರೇಕ್ಷೆಯದೆಂದು ಮುಂದೆ ಇತಿಹಾಸಕಾರರು ತೋರಿಸಿದರು. ಬ್ರಿಜೇನ್ ಗುಪ್ತ ಅವರ ಲೆಕ್ಕದಲ್ಲಿ ಒಳಗಿದ್ದವರೇ ಸುಮಾರು 64 ಮಂದಿ. ನವಾಬನೇ ಇದಕ್ಕೆ ಆಜ್ಞೆ ಕೊಟ್ಟಿದ್ದನೆಂಬುದನ್ನೂ ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಸತ್ತವರ ಸಂಕಟ ನಿಜ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಬ್ರಿಟಿಷ್ ಪಠ್ಯಪುಸ್ತಕಗಳಲ್ಲಿ ಆ ರಾತ್ರಿಯ ಕ್ರಿಯಾಪದಕ್ಕೆ ಕರ್ತೃ ಯಾರೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಉಸಿರುಗಟ್ಟಿಸಿದವನು ನವಾಬ. 1902ರಲ್ಲಿ ಲಾರ್ಡ್ ಕರ್ಜನ್ ಅಲ್ಲಿ ಅಮೃತಶಿಲೆಯ ಸ್ಮಾರಕವನ್ನು ಮತ್ತೆ ನಿಲ್ಲಿಸಿದ. ಅದನ್ನು ತೆಗೆಸಲು 1940ರಲ್ಲಿ ಸುಭಾಷ್‌ಚಂದ್ರ ಬೋಸರು ಚಳವಳಿ ಹೂಡಬೇಕಾಯಿತು. ಆ ಚಳವಳಿಯಲ್ಲಿ ಹಿಂದೂ ಮುಸ್ಲಿಮರು ಜೊತೆಯಾಗಿದ್ದರು.

ಎರಡನೆಯದು 1921ರ ನವೆಂಬರ್‌ನದು. ಮಲಬಾರಿನ ಬಂಡಾಯದಲ್ಲಿ ಸೆರೆಸಿಕ್ಕ ಸುಮಾರು 100 ಮಂದಿಯನ್ನು ಬ್ರಿಟಿಷ್ ಅಧಿಕಾರಿಗಳು ತಿರೂರಿನಲ್ಲಿ ಮುಚ್ಚಿದ ಸರಕು ವ್ಯಾಗನ್ ಒಂದಕ್ಕೆ ತುಂಬಿದರು. ಅವರು ಹೋಗಬೇಕಾಗಿದ್ದುದು ನಮ್ಮ ಬಳ್ಳಾರಿಯ ಜೈಲಿಗೆ. ಆಗ ಬಳ್ಳಾರಿಯೂ ಮಲಬಾರೂ ಮದರಾಸು ಪ್ರಾಂತ್ಯದಲ್ಲಿದ್ದವು. ಕೊಯಮತ್ತೂರಿನ ಬಳಿಯ ಪೋತನೂರಿನಲ್ಲಿ ಬಾಗಿಲು ತೆರೆದಾಗ 50ಕ್ಕೂ ಹೆಚ್ಚು ಮಂದಿ ಹೆಣವಾಗಿದ್ದರು. ಸಾವು 70ರ ಆಸುಪಾಸಿಗೆ ಮುಟ್ಟಿತು. ಹೆಚ್ಚಿನವರು ಮಾಪಿಳ್ಳೆಗಳು, ಕೆಲವರು ಹಿಂದೂಗಳು. ವ್ಯಾಗನ್ನಿನಲ್ಲಿ ಗಾಳಿಗೆ ಸರಿಯಾದ ದಾರಿಯಿರಲಿಲ್ಲ.

ಈ ಘಟನೆಗೆ ಉಳಿದ ಹೆಸರು 'ವ್ಯಾಗನ್ ಟ್ರಾಜಿಡಿ', ವ್ಯಾಗನ್ ದುರಂತ. ಸರಕಾರ ವಿಚಾರಣಾ ಸಮಿತಿ ನೇಮಿಸಿತು, ವ್ಯಾಗನ್ನಿನ ಸ್ಥಿತಿಯ ಬಗ್ಗೆ ಚರ್ಚೆ ನಡೆಯಿತು. ಇಲ್ಲಿ ಮಾತ್ರ ಉಸಿರು ತಾನಾಗಿ ಕಟ್ಟಿತು. ಕೇರಳದಲ್ಲಿ ಹಲವರು ಈ ಹೆಸರನ್ನು ಒಪ್ಪದೆ 'ವ್ಯಾಗನ್ ಕೂಟ್ಟಕ್ಕೊಲ' ಅಂದರೆ ಸಾಮೂಹಿಕ ಕೊಲೆ ಎನ್ನುತ್ತಾರೆ. ಅದು ಹೆಸರಿನ ಜಗಳವಲ್ಲ, ಕ್ರಿಯಾಪದಕ್ಕೆ ಕರ್ತೃವನ್ನು ಕೇಳುವ ಜಗಳ.

ಇದು ವಸಾಹತು ಕಾಲಕ್ಕೇ ಮುಗಿದ ಮಾತಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯ ತನಗೆ ಉಸಿರಾಡಲಾಗುತ್ತಿಲ್ಲವೆಂದು ಗೋಗರೆಯುತ್ತ ಪೊಲೀಸನ ಮೊಣಕಾಲಿನಡಿ ಸತ್ತ. ಪೊಲೀಸ್ ಇಲಾಖೆಯ ಮೊದಲ ಹೇಳಿಕೆಯಲ್ಲಿ ಮೊಣಕಾಲಿರಲಿಲ್ಲ, ವೈದ್ಯಕೀಯ ಸಮಸ್ಯೆಯೊಂದು ಮಾತ್ರ ಇತ್ತು. ದಾರಿಹೋಕ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರೀಕರಿಸಿರದಿದ್ದರೆ ಅದೇ ದಾಖಲೆಯಾಗಿ ಉಳಿಯುತ್ತಿತ್ತೇನೋ. 2021ರ ಏಪ್ರಿಲ್‌ನಲ್ಲಿ ಆ ಪೊಲೀಸ್ ಅಧಿಕಾರಿ ಕೊಲೆ ಅಪರಾಧಿಯೆಂದು ತೀರ್ಪಾಯಿತು.

ಈಗ ಮ್ಯಾನ್‌ಹೋಲ್‌ನ ಸುದ್ದಿಗೆ ಮರಳೋಣ. ಕೊಳಚೆ ಗುಂಡಿಯಲ್ಲಿ ಕಾಯುತ್ತಿರುವುದು ಹೈಡ್ರೋಜನ್ ಸಲ್ಫೈಡ್‌ನಂತಹ ವಿಷಾನಿಲಗಳು ಎಂಬುದು ಹೊಸ ಸಂಶೋಧನೆಯೇನಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಾನೂನಿನ ದೃಷ್ಟಿಯಲ್ಲಿ ಇಳಿಸಿದವನೊಬ್ಬ ಇದ್ದಾನೆ. ಗುತ್ತಿಗೆದಾರನಿರಬಹುದು, ಕಟ್ಟಡದ ಮಾಲಿಕನಿರಬಹುದು, ನಗರಾಡಳಿತವಿರಬಹುದು. ಆದರೆ ಸುದ್ದಿಯ ವ್ಯಾಕರಣದಲ್ಲಿ ಅವನಿಲ್ಲ. ಕಾರ್ಮಿಕರು 'ಇಳಿದರು', 'ಉಸಿರುಗಟ್ಟಿ' ಸತ್ತರು. ಮೋಡ ಕಟ್ಟಿದಷ್ಟೇ ಸಹಜವಾಗಿ.

ಸುದ್ದಿ ಬರೆಯುವವರು ಎಲ್ಲ ಸಾವನ್ನೂ ಕೊಲೆ ಎನ್ನಬೇಕೆಂದು ಯಾರೂ ಹೇಳುವುದಿಲ್ಲ. ಒಲೆಯ ಹೊಗೆಯಿಂದ, ಕುಸಿದ ಬಾವಿಯಿಂದ ಉಸಿರು ತಾನಾಗಿಯೂ ಕಟ್ಟುತ್ತದೆ. ಇಳಿಸಿದವರು ಇದ್ದಾರೆಯೇ ಎಂದು ವಿಚಾರಿಸಿ, ಇದ್ದರೆ ಅವರನ್ನು ವಾಕ್ಯದೊಳಗೆ ತರುವುದು ಮಾತ್ರ ನಮ್ಮ ಹೊಣೆ. ಕನ್ನಡದಲ್ಲಿ ಅದಕ್ಕೆ 'ಇಸು' ಎಂಬ ಎರಡಕ್ಷರ ಸಾಕು.