ಮುಖದ ಚರ್ಮಕ್ಕೆ ಹೊಂದುವ ಸನ್‌ಸ್ಕ್ರೀನ್ ಲೇಪನದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಬಿಸಿಲಿನಿಂದ ಮುಖದ ಚರ್ಮವನ್ನು ಕಾಪಾಡಿಕೊಳ್ಳಲು ಬಳಸುವ ಸನ್‌ಸ್ಕ್ರೀನ್ ಲೇಪನಗಳು ಈಗ ನಗರದ ಔಷಧ ಅಂಗಡಿಗಳಲ್ಲಿ ಮಾತ್ರವಲ್ಲದೆ ಸಣ್ಣ ಊರುಗಳ ಫ್ಯಾನ್ಸಿ ಸ್ಟೋರುಗಳಲ್ಲಿಯೂ ದೊರೆಯುತ್ತಿವೆ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಡಬ್ಬಿಯ ಮೇಲಿನ ಅಂಕಿಗಳ ಅರ್ಥವೇನು, ಕೊಂಡ ವಸ್ತುವಿನ ಬಗ್ಗೆ ಸಂಶಯ ಬಂದಲ್ಲಿ ಎಲ್ಲಿ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ಒದಗಿಸಲಾಗಿದೆ. ಯಾವುದೇ ಕಂಪನಿಯ ಉತ್ಪನ್ನವನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ಸನ್‌ಸ್ಕ್ರೀನ್ ಎಂಬುದು ಚರ್ಮವನ್ನು ಬೆಳ್ಳಗೆ ಮಾಡುವ ವಸ್ತುವಲ್ಲ. ಹುಟ್ಟಿನಿಂದ ಬಂದ ಬಣ್ಣವು ದೋಷವಲ್ಲ, ಅದಕ್ಕೆ ಚಿಕಿತ್ಸೆಯ ಅಗತ್ಯವೂ ಇಲ್ಲ. ಬಿಸಿಲಿನಿಂದ ಉಂಟಾಗುವ ಕಲೆ, ಸುಟ್ಟಗಾಯ, ಅಕಾಲಿಕ ಸುಕ್ಕು ಮತ್ತು ಕೆಲವರಲ್ಲಿ ಕಾಣಿಸಿಕೊಳ್ಳುವ ಚರ್ಮದ ಕ್ಯಾನ್ಸರ್ ಇವುಗಳನ್ನು ತಡೆಗಟ್ಟಲು ನೆರವಾಗುವುದಷ್ಟೇ ಈ ಲೇಪನದ ಕೆಲಸ.

ನಮ್ಮ ಬಿಸಿಲು

ಕರ್ನಾಟಕವು ಸಂಪೂರ್ಣವಾಗಿ ಉಷ್ಣವಲಯದಲ್ಲಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ ಸಂಭವಿಸುತ್ತದೆ. ಅಂದು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಧ್ಯಾಹ್ನ ಕೆಲಕ್ಷಣ ಕಾಣುವುದೇ ಇಲ್ಲ. ಅತಿನೇರಳೆ ಕಿರಣಗಳ ಪ್ರಖರತೆಯು ಸೂರ್ಯನ ಎತ್ತರವನ್ನು ಅವಲಂಬಿಸಿರುತ್ತದೆಯೇ ಹೊರತು ಗಾಳಿಯ ಬಿಸಿಯನ್ನಲ್ಲ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೇರಿದಂತೆ ಈ ಕಿರಣಗಳು ಶೇಕಡಾ 10ರಿಂದ 12ರಷ್ಟು ಹೆಚ್ಚುತ್ತವೆ. ಆದುದರಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಾಗಲಿ, ಅದಕ್ಕಿಂತಲೂ ಎತ್ತರದ ಮಡಿಕೇರಿಯಲ್ಲಾಗಲಿ ಹವೆ ತಂಪಾಗಿದೆ ಎಂಬ ಕಾರಣಕ್ಕೆ ಬಿಸಿಲು ನಿರಪಾಯಕಾರಿ ಎಂದು ಭಾವಿಸತಕ್ಕದ್ದಲ್ಲ. ತೆಳು ಮೋಡದ ದಿನವೂ ಈ ಕಿರಣಗಳ ಬಹುಭಾಗ ನೆಲವನ್ನು ತಲುಪುತ್ತದೆ.

ಇದನ್ನು ತಿಳಿಯಲು ಯಾವ ಉಪಕರಣವೂ ಬೇಕಿಲ್ಲ. ತಮ್ಮ ನೆರಳು ತಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆ ಎಂದು ತಿಳಿಯಬಹುದು.

ಡಬ್ಬಿಯ ಮೇಲಿನ ಅಂಕಿಗಳು

ಭೂಮಿಯನ್ನು ತಲುಪುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ. ಯು.ವಿ.ಬಿ. ಕಿರಣಗಳು ಮುಖ್ಯವಾಗಿ ಚರ್ಮವನ್ನು ಸುಡುತ್ತವೆ. ಯು.ವಿ.ಎ. ಕಿರಣಗಳು ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಕಪ್ಪಾಗಿಸುತ್ತವೆ ಹಾಗೂ ಸುಕ್ಕುಗಟ್ಟಿಸುತ್ತವೆ. ಸಾಮಾನ್ಯ ಕಿಟಕಿ ಗಾಜು ಮೊದಲನೆಯದನ್ನು ತಡೆಯುತ್ತದೆಯಾದರೂ ಎರಡನೆಯದರ ಬಹುಪಾಲನ್ನು ಒಳಗೆ ಬಿಡುತ್ತದೆ. ಪ್ರತಿದಿನ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಪ್ರಯಾಣಿಸುವವರು ಇದನ್ನು ಗಮನಿಸಬೇಕು.

ಎಸ್.ಪಿ.ಎಫ್. ಎಂಬ ಅಂಕಿಯು ಚರ್ಮ ಕೆಂಪಾಗುವುದನ್ನು ಆಧರಿಸಿದ ಅಳತೆಯಾಗಿದ್ದು, ಪ್ರಧಾನವಾಗಿ ಯು.ವಿ.ಬಿ. ಕಿರಣಗಳಿಗೆ ಸಂಬಂಧಿಸಿದ್ದಾಗಿದೆ. ಎಸ್.ಪಿ.ಎಫ್. 15 ಇರುವ ಲೇಪನವು ಸುಡುವ ಕಿರಣಗಳಲ್ಲಿ ಸುಮಾರು ಶೇಕಡಾ 93ರಷ್ಟನ್ನೂ, 30 ಇರುವುದು ಶೇಕಡಾ 97ರಷ್ಟನ್ನೂ, 50 ಇರುವುದು ಶೇಕಡಾ 98ರಷ್ಟನ್ನೂ ತಡೆಯುತ್ತದೆ. 30ಕ್ಕಿಂತ ಮೇಲೆ ಅಂಕಿ ಏರಿದಷ್ಟು ರಕ್ಷಣೆ ಏರುವುದಿಲ್ಲ ಎಂಬುದು ಇದರಿಂದ ವೇದ್ಯವಾಗುತ್ತದೆ; ಬೆಲೆ ಮಾತ್ರ ಏರುವುದುಂಟು.

ನಮ್ಮ ರಾಜ್ಯದ ಬಹುಪಾಲು ಜನರ ಚರ್ಮ ಗೋಧಿಬಣ್ಣದಿಂದ ಕಡುಕಂದು ಬಣ್ಣದವರೆಗೆ ಇರುತ್ತದೆ. ಇಂತಹ ಚರ್ಮ ಬಿಸಿಲಿಗೆ ಕೆಂಪಾಗುವುದಕ್ಕಿಂತ ಕಪ್ಪಾಗುವುದೇ ಹೆಚ್ಚು. ಅಂದರೆ ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಮುದ್ರಿಸಿರುವ ಅಂಕಿಯು ನಮ್ಮಲ್ಲಿ ಹೆಚ್ಚಿನವರ ತೊಂದರೆಯನ್ನು ಪೂರ್ತಿಯಾಗಿ ಅಳೆಯುವುದಿಲ್ಲ. ಆದಕಾರಣ ಎಸ್.ಪಿ.ಎಫ್. 30 ಅಥವಾ ಹೆಚ್ಚು ಇರುವುದನ್ನು ಖಚಿತಪಡಿಸಿಕೊಂಡ ನಂತರ ಯು.ವಿ.ಎ. ರಕ್ಷಣೆಯ ಗುರುತನ್ನು ಹುಡುಕತಕ್ಕದ್ದು. ಜಪಾನಿನಲ್ಲಿ ಆರಂಭವಾದ ಪಿ.ಎ. ಪದ್ಧತಿಯಲ್ಲಿ ಒಂದರಿಂದ ನಾಲ್ಕು ಕೂಡುಚಿಹ್ನೆಗಳಿದ್ದು, ಮೂರು ಅಥವಾ ನಾಲ್ಕು ಇರುವುದನ್ನು ಆರಿಸುವುದು ಸೂಕ್ತ. ಯುರೋಪಿನ ಪದ್ಧತಿಯಂತೆ ವೃತ್ತದೊಳಗೆ ಯು.ವಿ.ಎ. ಎಂದು ಬರೆದಿದ್ದರೆ, ಆ ರಕ್ಷಣೆಯು ಎಸ್.ಪಿ.ಎಫ್. ಅಂಕಿಯ ಮೂರನೇ ಒಂದು ಭಾಗಕ್ಕಾದರೂ ಸಮನಾಗಿದೆ ಎಂದರ್ಥ.

ಚರ್ಮದ ಸ್ವಭಾವ

ಬೆಳಿಗ್ಗೆ ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು ನೋಡಿದಲ್ಲಿ ತಮ್ಮ ಚರ್ಮದ ಸ್ವಭಾವ ತಿಳಿಯುತ್ತದೆ. ಮುಖವೆಲ್ಲ ಜಿಡ್ಡಾಗಿ ಹೊಳೆಯುತ್ತಿದ್ದರೆ ಜಿಡ್ಡಿನ ಚರ್ಮ. ಬಿಗಿದು ಸಿಪ್ಪೆ ಎದ್ದಂತಿದ್ದರೆ ಒಣಚರ್ಮ. ಹಣೆ, ಮೂಗು, ಗಲ್ಲ ಮಾತ್ರ ಜಿಡ್ಡಾಗಿದ್ದರೆ ಮಿಶ್ರ ಚರ್ಮ.

ಜಿಡ್ಡಿನ ಚರ್ಮದವರು ಹಾಗೂ ಮೊಡವೆ ಇರುವವರು ಜೆಲ್ ಅಥವಾ ನೀರಿನಂಶ ಹೆಚ್ಚಿರುವ ತೆಳು ಲೋಷನ್ ಬಳಸುವುದು ಒಳಿತು. ಮಂಗಳೂರು, ಉಡುಪಿ, ಕಾರವಾರದಂತಹ ಬೆವರು ಹೆಚ್ಚಿರುವ ಕರಾವಳಿ ಪ್ರದೇಶಗಳಿಗೂ ಇದೇ ಅನ್ವಯಿಸುತ್ತದೆ. ಅಲ್ಲಿ ನೀರಿಗೆ ತಡೆಯುವ ಗುಣವಿರುವುದನ್ನು ಆರಿಸಬೇಕು. ಆದರೆ ಯಾವ ಲೇಪನವೂ ಸಂಪೂರ್ಣವಾಗಿ ಜಲನಿರೋಧಕವಲ್ಲ. ಹಣೆಯ ಅಂಚಿನಲ್ಲಿ ಮಾತ್ರ ಗುಳ್ಳೆಗಳೇಳುತ್ತಿದ್ದರೆ ಸನ್‌ಸ್ಕ್ರೀನನ್ನು ದೂರುವ ಮೊದಲು ತಲೆಗೆ ಹಚ್ಚುವ ಎಣ್ಣೆ ಇಳಿದು ಬರುತ್ತಿದೆಯೇ ಎಂದು ನೋಡಿಕೊಳ್ಳಬಹುದು.

ಒಣಚರ್ಮದವರಿಗೆ ಗ್ಲಿಸರಿನ್ ಮುಂತಾದ ತೇವಕಾರಕಗಳಿರುವ ಕ್ರೀಮ್ ಹೊಂದುತ್ತದೆ. ಸೂಕ್ಷ್ಮ ಚರ್ಮದವರು, ಉರಿ ಮತ್ತು ತುರಿಕೆಯ ಅನುಭವ ಇರುವವರು ಸುಗಂಧ ಬೆರೆಸದಿರುವ, ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜಗಳನ್ನು ಆಧರಿಸಿದ ಲೇಪನವನ್ನು ಮೊದಲು ಪ್ರಯತ್ನಿಸಬೇಕು. ಕಂದು ಚರ್ಮದ ಮೇಲೆ ಈ ಖನಿಜಗಳು ಬೂದಿ ಬಳಿದಂತೆ ಕಾಣುತ್ತವೆ. ಹಾಗೆ ಕಾಣುತ್ತದೆಂದು ಚೂರೇ ಹಚ್ಚುವವರು ಅಥವಾ ಬಳಸುವುದನ್ನೇ ಬಿಡುವವರು ಬಹಳ. ಅಂತಹವರು ಚರ್ಮದ ಬಣ್ಣದ ಛಾಯೆಯುಳ್ಳ ಲೇಪನವನ್ನು ಆರಿಸಬಹುದು.

ಯಾವುದೇ ಹೊಸ ಲೇಪನವನ್ನು ಕಿವಿಯ ಹಿಂಭಾಗದಲ್ಲಿ ಮೂರು ನಾಲ್ಕು ದಿನ ಹಚ್ಚಿ ನೋಡಿ, ತುರಿಕೆ ಬರದಿದ್ದಲ್ಲಿ ಮಾತ್ರ ಮುಖಕ್ಕೆ ಬಳಸತಕ್ಕದ್ದು. ಅರಿಶಿನ, ಕಡಲೆಹಿಟ್ಟು, ಲೋಳೆಸರ ಇವು ಸನ್‌ಸ್ಕ್ರೀನಿಗೆ ಬದಲಿಯಲ್ಲ. ನಿಂಬೆರಸವನ್ನಂತೂ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗಲೇಬಾರದು; ಅದರಲ್ಲಿರುವ ಅಂಶಗಳು ಬಿಸಿಲಿನೊಡನೆ ಸೇರಿ ಬೊಬ್ಬೆಯನ್ನೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯನ್ನೂ ಉಂಟುಮಾಡುತ್ತವೆ.

ಬಂಗು ಇರುವವರಿಗೆ

ಕೆನ್ನೆ, ಹಣೆ ಮತ್ತು ಮೇಲ್ದುಟಿಯ ಮೇಲೆ ಕಂದುಬಣ್ಣದ ಪಟ್ಟೆಗಳಂತೆ ಕಾಣಿಸಿಕೊಳ್ಳುವ ಬಂಗು ಮಹಿಳೆಯರಲ್ಲಿ, ಅದರಲ್ಲಿಯೂ ಗರ್ಭಾವಸ್ಥೆಯಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿ ಹೆಚ್ಚು. ಬಿಸಿಲಿನಲ್ಲಿ ದುಡಿಯುವ ಪುರುಷರಲ್ಲಿಯೂ ಇದು ಅಪರೂಪವೇನಲ್ಲ. ಇದನ್ನು ಅತಿನೇರಳೆ ಕಿರಣಗಳಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್‌ಗಳು ಆ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಎಂಬ ವರ್ಣದ್ರವ್ಯ ತಡೆಯುತ್ತದೆ. ಆದುದರಿಂದ ಬಂಗು ಇರುವವರು ಲೇಪನದ ಘಟಕಾಂಶಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಎಂದಾಗಲಿ, ಅದರ ಸಂಕೇತಗಳಾದ ಸಿ.ಐ. 77491, 77492, 77499 ಎಂದಾಗಲಿ ಇರುವುದನ್ನು ನೋಡಿ ಕೊಳ್ಳುವುದು ಸೂಕ್ತ. ಛಾಯೆಯನ್ನು ಅಂಗಡಿಯ ದೀಪದಡಿಯಲ್ಲಿ ನೋಡದೆ ಹೊರಗಿನ ಬೆಳಕಿನಲ್ಲಿ ದವಡೆಯ ಮೇಲೆ ಹಚ್ಚಿ ನೋಡಬೇಕು.

ಇಲ್ಲಿ ಸಾರ್ವಜನಿಕರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಅಂಗಡಿಯಲ್ಲಿ ಬಂಗಿಗೆ ಕ್ರೀಮ್ ಕೇಳಿದವರಿಗೆ ಸನ್‌ಸ್ಕ್ರೀನಿನ ಬದಲು ಸ್ಟೀರಾಯ್ಡ್, ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯಿನ್ ಬೆರೆಸಿದ ಲೇಪನವನ್ನು ಕೊಡುವುದುಂಟು. ಮೊದಲ ಕೆಲವು ವಾರ ಕಲೆ ತಿಳಿಯಾಗಿ ಮುಖ ಹೊಳೆಯುವುದರಿಂದ ಬಳಸಿದವರು ಸಂತೋಷಪಟ್ಟು ನೆರೆಹೊರೆಯವರಿಗೂ ಹೇಳುತ್ತಾರೆ. ತಿಂಗಳುಗಟ್ಟಲೆ ಬಳಸಿದಲ್ಲಿ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಮೊಡವೆ ಮತ್ತು ಅನಗತ್ಯ ಕೂದಲು ಬೆಳೆಯುತ್ತವೆ. ನಿಲ್ಲಿಸಿದೊಡನೆ ಮುಖ ಕೆಂಪೇರಿ ಉರಿಯುತ್ತದೆ. ಆ ಸ್ಥಿತಿಯಲ್ಲಿ ಯಾವ ಸನ್‌ಸ್ಕ್ರೀನೂ ಮುಖಕ್ಕೆ ಹೊಂದುವುದಿಲ್ಲ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್ ಲೇಪನಗಳನ್ನು ಕೇಂದ್ರ ಸರ್ಕಾರವು 2018ರಲ್ಲಿ ಶೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿದ್ದು, ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲೆ ಶೆಡ್ಯೂಲ್ ಎಚ್ ಎಚ್ಚರಿಕೆಯಿದ್ದರೆ ಅದು ಸೌಂದರ್ಯವರ್ಧಕವಲ್ಲ, ಔಷಧ ಎಂದು ತಿಳಿಯತಕ್ಕದ್ದು.

ಈಗಾಗಲೇ ಇಂತಹ ಲೇಪನಕ್ಕೆ ಒಗ್ಗಿಹೋಗಿರುವವರು ತಾವಾಗಿಯೇ ಹಠಾತ್ತನೆ ನಿಲ್ಲಿಸದೆ ಸರ್ಕಾರಿ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ತಜ್ಞರನ್ನು ಕಾಣಬೇಕು. ಬಳಸುತ್ತಿರುವ ಟ್ಯೂಬನ್ನು, ಖಾಲಿಯಾಗಿದ್ದರೂ, ಜೊತೆಗೆ ಒಯ್ಯುವುದು. ಈ ವಿಭಾಗದ ಫಲಕದಲ್ಲಿ ಗುಪ್ತರೋಗ ಎಂಬ ಪದವೂ ಸೇರಿರುವುದರಿಂದ ಅನೇಕ ಮಹಿಳೆಯರು ಬಾಗಿಲವರೆಗೆ ಬಂದು ಹಿಂದಿರುಗುತ್ತಾರೆ. ಮುಖದ ಕಲೆ, ಕೂದಲು ಉದುರುವಿಕೆ, ಮಕ್ಕಳ ಕಜ್ಜಿ ಎಲ್ಲವನ್ನೂ ಅದೇ ವಿಭಾಗದಲ್ಲಿ ನೋಡಲಾಗುತ್ತದೆ, ಸಂಕೋಚ ಪಡಬೇಕಾಗಿಲ್ಲ.

ಹಚ್ಚುವ ಪ್ರಮಾಣ ಮತ್ತು ವೆಚ್ಚ

ಪ್ರಯೋಗಾಲಯದಲ್ಲಿ ಎಸ್.ಪಿ.ಎಫ್. ಅಳೆಯುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಲೇಪನ ಹಚ್ಚಲಾಗುತ್ತದೆ. ಮನೆಯಲ್ಲಿ ಹಚ್ಚುವಾಗ ಬಹುತೇಕ ಜನರು ಅದರ ಅರ್ಧವನ್ನೂ ಹಚ್ಚುವುದಿಲ್ಲವಾದ್ದರಿಂದ 50 ಎಂದು ಬರೆದಿರುವುದರಿಂದ 50ರ ರಕ್ಷಣೆ ಸಿಗುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಗೆರೆ ಎಳೆದಷ್ಟು ಲೇಪನವು ಮುಖ ಮತ್ತು ಕುತ್ತಿಗೆಗೆ ಬೇಕಾಗುತ್ತದೆ. ಹೊರಡುವುದಕ್ಕೆ 15ರಿಂದ 20 ನಿಮಿಷ ಮೊದಲು ಹಚ್ಚಿ, ಬಿಸಿಲಿನಲ್ಲಿಯೇ ಇರುವವರು ಎರಡು ಗಂಟೆಗೊಮ್ಮೆ ಹಾಗೂ ಬೆವರು ಒರೆಸಿಕೊಂಡ ನಂತರ ಪುನಃ ಹಚ್ಚತಕ್ಕದ್ದು.

ಈ ಪ್ರಮಾಣದಲ್ಲಿ 50 ಗ್ರಾಂ ಟ್ಯೂಬು ಸುಮಾರು 40 ಬಾರಿಗೆ ಬರುತ್ತದೆ. ದಿನಕ್ಕೆ ಎರಡು ಬಾರಿಯಂತೆ ಮೂರು ವಾರವೂ ಪೂರ್ತಿ ಬಾರದು. ಆದಕಾರಣ ದುಬಾರಿ ಟ್ಯೂಬನ್ನು ಕೊಂಡು ಆರು ತಿಂಗಳು ಉಳಿಸಿಕೊಂಡು ಹಚ್ಚುವುದಕ್ಕಿಂತ, ಮೇಲಿನ ಗುರುತುಗಳಿರುವ ಕಡಿಮೆ ಬೆಲೆಯದನ್ನು ಧಾರಾಳವಾಗಿ ಬಳಸುವುದೇ ಲೇಸು. ಹೊಲ, ಗಾರೆ ಕೆಲಸ, ರಸ್ತೆ ಸ್ವಚ್ಛತೆಯಂತಹ ದಿನವಿಡೀ ಬಿಸಿಲಿನ ದುಡಿಮೆಯಲ್ಲಿರುವವರು ಅಗಲ ಅಂಚಿನ ಟೋಪಿ, ಮುಟ್ಟಾಳೆ, ತಲೆಗೆ ಸುತ್ತಿದ ಟವೆಲ್ ಅಥವಾ ಸೆರಗನ್ನೇ ಮೊದಲ ರಕ್ಷಣೆಯಾಗಿ ನೆಚ್ಚಿ, ಲೇಪನವನ್ನು ಅದರ ಜೊತೆಗೆ ಬಳಸುವುದು. ಆರು ತಿಂಗಳೊಳಗಿನ ಶಿಶುಗಳಿಗೆ ನೆರಳು ಮತ್ತು ಬಟ್ಟೆಯೇ ಸಾಕು, ಲೇಪನ ಬೇಡ.

ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ನೀಡುವ ಹೈಡ್ರೊಕ್ಲೋರೊಥಯಝೈಡ್ ಮುಂತಾದ ಕೆಲವು ಔಷಧಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತವೆ. ಇವುಗಳನ್ನು ಸೇವಿಸುವವರು ಔಷಧ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ತೊನ್ನು ಇರುವವರ ಬಿಳಿ ಭಾಗಗಳು ಬೇಗ ಸುಡುತ್ತವೆ. ಆಲ್ಬಿನಿಸಂ ಇರುವವರಿಗಂತೂ ಸನ್‌ಸ್ಕ್ರೀನ್ ಅಲಂಕಾರದ ವಸ್ತುವಲ್ಲ. ಚರ್ಮದ ಕ್ಯಾನ್ಸರ್ ತಡೆಗಟ್ಟಲು ಬಾಲ್ಯದಿಂದಲೇ ಬೇಕಾದ ಅವಶ್ಯ ವಸ್ತು. ಇವರಲ್ಲಿ ಅನೇಕರಿಗೆ ದೃಷ್ಟಿ ಮಂದವಾಗಿರುವುದರಿಂದ, ಕನ್ನಡಕ ಧರಿಸಿದ ನಂತರವೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇದ್ದಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಡಿ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಸಲ್ಲಿಸಬಹುದಾಗಿದೆ.

ಕೊಳ್ಳುವಾಗ ಪರಿಶೀಲನೆ ಹಾಗೂ ದೂರು

ಭಾರತದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕಗಳ ವರ್ಗಕ್ಕೆ ಸೇರಿದ್ದು, ಸೌಂದರ್ಯವರ್ಧಕಗಳ ನಿಯಮಗಳು, 2020 ಅನ್ವಯವಾಗುತ್ತವೆ. ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಯಾವ ತಿಂಗಳು ಮತ್ತು ವರ್ಷದೊಳಗೆ ಬಳಸಬೇಕೆಂಬ ವಿವರ ಮತ್ತು ಘಟಕಾಂಶಗಳ ಪಟ್ಟಿ ಇರುವುದನ್ನು ನೋಡತಕ್ಕದ್ದು. ವಿದೇಶಿ ಉತ್ಪನ್ನವಾದಲ್ಲಿ ಆಮದುದಾರರ ವಿಳಾಸ ಹಾಗೂ ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಇವು ಇಲ್ಲದ, ಬರಿ ಚೀಟಿ ಅಂಟಿಸಿದ ಡಬ್ಬಿಗಳನ್ನು ಸಂತೆಯಲ್ಲಾಗಲಿ, ಬ್ಯೂಟಿ ಪಾರ್ಲರಿನಲ್ಲಾಗಲಿ ಕೊಳ್ಳಬಾರದು.

ಕೊಂಡ ಲೇಪನದಲ್ಲಿ ನಿಷಿದ್ಧ ವಸ್ತು ಬೆರೆತಿದೆ ಎಂಬ ಸಂಶಯವಿದ್ದಲ್ಲಿ, ಔಷಧ ಮತ್ತು ಸೌಂದರ್ಯವರ್ಧಕಗಳ ಅಧಿನಿಯಮ, 1940ರ 26ನೇ ಪ್ರಕರಣದನ್ವಯ ಯಾವುದೇ ವ್ಯಕ್ತಿ ಅಥವಾ ಮಾನ್ಯತೆ ಪಡೆದ ಗ್ರಾಹಕರ ಸಂಘವು ನಿಗದಿತ ಅರ್ಜಿ ಮತ್ತು ಶುಲ್ಕದೊಂದಿಗೆ ಅದನ್ನು ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಒಪ್ಪಿಸಿ, ಅವರ ಸಹಿಯುಳ್ಳ ವರದಿ ಪಡೆಯಲು ಹಕ್ಕುಳ್ಳವರಾಗಿರುತ್ತಾರೆ. ಈ ಅವಕಾಶವನ್ನು ಬಲ್ಲವರು ಕಡಿಮೆ. ಬಳಸಿಕೊಂಡವರು ಇನ್ನೂ ಕಡಿಮೆ. ಚೀಟಿಯಿಲ್ಲದೆ ಸ್ಟೀರಾಯ್ಡ್ ಲೇಪನ ಮಾರಿದ ಬಗ್ಗೆ ಆಯಾ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪರಿಹಾರ ಕೋರಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುವಾಗ, ವಸ್ತುವಿಗೆ ನೀಡಿದ ಬೆಲೆ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

ಇವೆಲ್ಲಕ್ಕೂ ಅಂಗಡಿಯ ಬಿಲ್ಲು, ಬ್ಯಾಚ್ ಸಂಖ್ಯೆ ಕಾಣುವ ಟ್ಯೂಬು, ಹೊರಪೆಟ್ಟಿಗೆ, ಮುಖದ ಛಾಯಾಚಿತ್ರ ಮತ್ತು ಚಿಕಿತ್ಸೆ ಪಡೆದಿದ್ದಲ್ಲಿ ಹೊರರೋಗಿ ಚೀಟಿ ಅಗತ್ಯವಾಗಿರುತ್ತದೆ. ಟ್ಯೂಬನ್ನು ಬಳಸಲು ಆರಂಭಿಸಿದ ದಿನವೇ ಹೊರಪೆಟ್ಟಿಗೆಯನ್ನು ಎಸೆಯದೆ, ಬಿಲ್ಲನ್ನು ಅದರೊಳಗೇ ಮಡಚಿ ಇಟ್ಟುಕೊಳ್ಳಲು ಕೋರಲಾಗಿದೆ.