ಕಿಟ್ಟೆಲ್ ಮಾಸ್ತರ

ಘೋಡಗೇರಿಯಲ್ಲಾಗಲಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಇನ್ನಾವ ಊರಲ್ಲಾಗಲಿ, ಬಸ್ಸಿಳಿದು ನಿವೃತ್ತ ಶಿಕ್ಷಕರೊಬ್ಬರ ಹೆಸರು, ಅಡ್ಡಹೆಸರು ಎರಡನ್ನೂ ಹೇಳಿ ಮನೆ ಕೇಳಿ ನೋಡಿ. ಕಟ್ಟೆಯ ಮೇಲೆ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಯಾರಿಗೋ ಹೊಳೆಯುತ್ತದೆ: "ಮಾಸ್ತರ್ರ ಮನಿ ಅನ್ರಲಾ ಮತ್ತ!" ನೌಕರಿ ಬಿಟ್ಟು ಎಷ್ಟು ವರ್ಷವಾದರೂ ಅವರು ಮಾಸ್ತರರೇ. ಮಗ ಬ್ಯಾಂಕಿನಲ್ಲಿದ್ದರೂ ಊರಲ್ಲಿ ಅವನು ಮಾಸ್ತರ್ರ ಮಗ. ಮನೆಗೆ ಬಂದವಳು ಮಾಸ್ತರ್ರ ಸೊಸಿ. ತಹಶೀಲ್ದಾರ ವರ್ಗವಾಗಿ ಹೋದರೆ ಅವರ ಹುದ್ದೆಯೂ ಜೊತೆಗೇ ಹೋಗುತ್ತದೆ. ಮಾಸ್ತರರದು ಹಾಗಲ್ಲ.

ನಮ್ಮ ಕಡೆ ಅಕ್ಷರ ಕಲಿಸುವವರಿಗೆ ಮೊದಲು ಈ ಹೆಸರಿರಲಿಲ್ಲ. ಮಠದ ಕಟ್ಟೆಯ ಮೇಲೆ, ಮರಳಿನಲ್ಲಿ ಬೆರಳಾಡಿಸಿ ಓನಾಮ ಕಲಿಸುತ್ತಿದ್ದವರು ಐಗಳು. ಆಮೇಲೆ ಮರಾಠಿಯಿಂದ ಪಂತೋಜಿ ಬಂದ, ಛಡಿ ಹಿಡಿದುಕೊಂಡೇ ಬಂದ. ಮಾಸ್ತರ ಎಂಬುದೂ ಮರಾಠಿ ಬಾಯಲ್ಲಿ ನುಣುಪಾದ ಇಂಗ್ಲಿಷ್ ಮಾಸ್ಟರೇ. ಮುಂಬಯಿ ಇಲಾಖೆಯ ಕಾಲದಲ್ಲಿ ಬೆಳಗಾವಿ, ಧಾರವಾಡ ಸೀಮೆಯ ಸಾಲಿಗಳಲ್ಲಿ ಮರಾಠಿಯದೇ ನಡೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಸಾಲಿಗಳನ್ನು ಊರ್ಜಿತಗೊಳಿಸಿದರು. ಪಾಠ ಕನ್ನಡವಾಯಿತು; ಪಾಠ ಹೇಳುವವರ ಹೆಸರು ಮಾತ್ರ ಮರಾಠಿಯದೇ ಉಳಿಯಿತು. ಅದನ್ನು ಯಾರೂ ಪರಕೀಯ ಅಂದುಕೊಳ್ಳಲಿಲ್ಲ. 'ಮಾಸ್ತರಕಿ' ಅಂತ ಬಾಲ ಹಚ್ಚಿದ ಮೇಲೆ ಅದು ಕನ್ನಡದ್ದಲ್ಲ ಅನ್ನುವುದಾದರೂ ಹೇಗೆ?

ಸಾಲಿಯ ಹೊರಗೂ ಈ ಪದಕ್ಕೆ ಕೈತುಂಬ ಕೆಲಸವಿದೆ. ಟೇಸನ್ ಮಾಸ್ತರ, ಪೋಸ್ಟ್ ಮಾಸ್ತರ ಇವರು ಸರಕಾರದವರು, ಬಿಡಿ. ಅಂಗಿಯ ಅಳತೆ ತೆಗೆಯುವ ಟೇಲರನೂ ಮಾಸ್ತರ. ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವವರು ಪೇಟಿ ಮಾಸ್ತರ. ಜಾತ್ರೆಗೆಂದು ಊರ ಹುಡುಗರನ್ನು ಕೂಡಿಸಿ ನಾಟಕ ಕಲಿಸುವವರೂ ಮಾಸ್ತರರೇ. ಕುಲಗೋಡ ತಮ್ಮಣ್ಣನ ಪಾರಿಜಾತದಾಟ ಹುಟ್ಟಿಬೆಳೆದ ಈ ಸೀಮೆಯಲ್ಲಿ ಪೇಟಿ ಮಾಸ್ತರರ ಮಾನ ಸಾಲಿ ಮಾಸ್ತರರಿಗಿಂತ ಒಂದು ಕೈ ಮೇಲೆಂದೇ ನನ್ನ ಗುಮಾನಿ. ಧಾರವಾಡದಲ್ಲಿ ದ. ರಾ. ಬೇಂದ್ರೆಯವರಿಗೂ ಈ ಪದ ಅಂಟಿತ್ತು. ಜ್ಞಾನಪೀಠ ಬಂದದ್ದು 1973ರಲ್ಲಿ. ಅವರು ಬೇಂದ್ರೆ ಮಾಸ್ತರ ಆಗಿದ್ದು ಅದಕ್ಕಿಂತ ಎಷ್ಟೋ ಮೊದಲು.

ಈ ಪದದ ಬಳಗ ದೊಡ್ಡದು. ಲ್ಯಾಟಿನ್ನಿನ 'ಮಾಗಿಸ್ಟರ್' ಅದರ ಮುತ್ತಜ್ಜ. ಅದು ಇಂಗ್ಲಿಷಿನಲ್ಲಿ ಮಾಸ್ಟರ್ ಆಯಿತು. ಪೋರ್ಚುಗೀಸಿನಲ್ಲಿ ಮೆಸ್ತ್ರೆ ಆಗಿ, ಹಡಗು ಹತ್ತಿ ಬಂದು ನಮ್ಮಲ್ಲಿ ಗೋಡೆ ಕಟ್ಟುವ ಮೇಸ್ತ್ರಿಯಾಯಿತು. ಅಂದರೆ ಸಾಲಿ ಕಟ್ಟಿದವನೂ ಅದರೊಳಗೆ ಕಲಿಸಿದವನೂ ಅಣ್ಣತಮ್ಮಂದಿರು. ಜರ್ಮನಿಗೆ ಹೋದದ್ದು 'ಮೈಸ್ಟರ್'. ಅಲ್ಲಿ ಬಡಿಗನಾಗಲಿ, ರೊಟ್ಟಿ ಬೇಯಿಸುವವನಾಗಲಿ ತನ್ನ ಕಸುಬಿನಲ್ಲಿ ಪರೀಕ್ಷೆ ಪಾಸಾದರೇ ಮೈಸ್ಟರ್. ಊರ ಶಾಲೆಯಲ್ಲಿ ಕಲಿಸುವವನನ್ನು ಜರ್ಮನರು ಹಿಂದೆ 'ಶೂಲ್‌ಮೈಸ್ಟರ್' ಅನ್ನುತ್ತಿದ್ದರು. ಸಾಲಿ ಮಾಸ್ತರ ಅಂದರೂ ಅದೇ. ಈಗ ಅಲ್ಲಿ ಆ ಪದ ಚೂರು ಹಗುರಾಗಿದೆ. ಮಾತುಮಾತಿಗೆ ತಿದ್ದಲು ಬರುವವನನ್ನು ಹಂಗಿಸುವುದಕ್ಕೆ ಉಳಿದುಕೊಂಡಿದೆ.

ಜರ್ಮನಿಯಿಂದ ಬಂದು ನಮಗೆ ಮಾಸ್ತರಕಿ ಮಾಡಿದವರೊಬ್ಬರಿದ್ದಾರೆ, ಅವರಿಗೆ ಮಾತ್ರ ಈ ಹೆಸರು ಸಿಗಲಿಲ್ಲ. ಫರ್ಡಿನಾಂಡ್ ಕಿಟ್ಟೆಲ್. ಅವರು ನಮಗೆ ಪಾದ್ರಿ, ರೆವರೆಂಡ್, ಡಾಕ್ಟರ್, ನಿಘಂಟುಕಾರ. 1832ರಲ್ಲಿ ಜರ್ಮನಿಯ ಉತ್ತರ ಕಡಲಂಚಿನ ರೆಸ್ಟರ್‌ಹಾಫೆಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕರ್ನಾಟಕಕ್ಕೆ ಬಂದವರು. ಧಾರವಾಡ, ಹುಬ್ಬಳ್ಳಿ ಭಾಗಕ್ಕೆ ಮಿಷನ್ನಿನವರು ಬಳಸುತ್ತಿದ್ದ ಹೆಸರು ದಕ್ಷಿಣ ಮರಾಠಾ ಸೀಮೆ. ಮರಾಠಾ ಸೀಮೆ ಅಂದ ಕಡೆ ಕಿಟ್ಟೆಲ್ ಹುಡುಕಿದ್ದು ಕನ್ನಡವನ್ನು. (ಜರ್ಮನ್ ಭಾಷೆಯಲ್ಲಿ 'ಕಿಟ್ಟೆಲ್' ಅಂದರೆ ಕೆಲಸ ಮಾಡುವಾಗ ಮೇಲೆ ತೊಡುವ ನಿಲುವಂಗಿ. ಮನೆತನದ ಹೆಸರು ಇಷ್ಟು ಚೆನ್ನಾಗಿ ಒಪ್ಪುವುದು ಅಪರೂಪ.)

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿಕೊಟ್ಟರು. 1894ರಲ್ಲಿ ಮಂಗಳೂರಿನ ಮಿಷನ್ ಪ್ರೆಸ್ಸಿನಿಂದ ನಿಘಂಟು ಹೊರಬಿತ್ತು: ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅದಕ್ಕಾಗಿ ಡಾಕ್ಟರೇಟ್ ಕೊಟ್ಟಿತು. ಅಂದಿನಿಂದ ಅವರನ್ನು ಪಂಡಿತರ ಸಾಲಿನಲ್ಲಿ ಕೂಡಿಸಿದ್ದೇವೆ. ಆ ಪುಸ್ತಕದ ಪುಟ ತಿರುವಿದರೆ ನನಗೆ ಕಾಣುವುದು ಪಂಡಿತನಿಗಿಂತ ಹೆಚ್ಚಾಗಿ ಮಾಸ್ತರ. ಪಂಡಿತನಾದವನು ಅರ್ಥ ಹೇಳಿ ಸುಮ್ಮನಾಗುತ್ತಾನೆ. ಇವರು ಅರ್ಥ ಹೇಳುತ್ತಾರೆ, ಹಳೆಯ ಕಾವ್ಯದಲ್ಲಿ ಎಲ್ಲಿದೆ ತೋರಿಸುತ್ತಾರೆ, ಸಾಲದ್ದಕ್ಕೆ ಜನರ ಬಾಯಲ್ಲಿದ್ದ ಗಾದೆಯನ್ನೂ ತಂದು ಪಕ್ಕಕ್ಕಿಡುತ್ತಾರೆ. ಇದು ತದ್ಭವ, ಇದು ಮರಾಠಿಯಿಂದ ಬಂದದ್ದು, ಇದು ಹಿಂದುಸ್ತಾನಿಯದು ಅಂತ ಗುರುತು ಹಾಕುತ್ತಾರೆ. ಹಿಂದಿನ ಬೆಂಚಿನ ಹುಡುಗನಿಗೂ ತಿಳಿಯಲಿ ಎಂದು ಎರಡು ಸಲ ಹೇಳುವ ಕ್ರಮ ಅದು.

ಕಿಟ್ಟೆಲ್ ಮಾಸ್ತರ ಎಂದು ಕರೆಯಲು ಅಡ್ಡಿಯಾದದ್ದು ಬಹುಶಃ ನಡುವಿನ ದೂರ. ಮಾಸ್ತರ ಅನ್ನಿಸಿಕೊಳ್ಳಲು ಊರಲ್ಲಿ ಮನೆ ಇರಬೇಕು, ಬಾಗಿಲಿಗೆ ಹೋದರೆ "ಬಾರಪಾ, ಕೂಡು" ಅನ್ನಬೇಕು. ಧಾರವಾಡದವರು ಕಾಲೇಜಿಗೆ ಅವರ ಹೆಸರಿಟ್ಟರು, ಬೆಂಗಳೂರಿನವರು ಪ್ರತಿಮೆ ನಿಲ್ಲಿಸಿದರು. ಇವೆಲ್ಲ ಸಾಹೇಬರಿಗೆ ಸಲ್ಲುವ ಮರ್ಯಾದೆಗಳು; ಮಾಸ್ತರರಿಗೆ ಯಾರೂ ಪ್ರತಿಮೆ ಮಾಡಿಸುವುದಿಲ್ಲ, ದಾರಿಯಲ್ಲಿ ಎದುರಾದರೆ ಸೈಕಲ್ಲಿನಿಂದ ಇಳಿಯುತ್ತಾರೆ.

ಈಗ ನಮ್ಮ ಸಾಲಿಗಳಲ್ಲೂ ಮಾಸ್ತರ ಹಿಂದೆ ಸರಿದು 'ಸರ' ಬಂದಿದ್ದಾರೆ, ಅಕ್ಕೋರು ಹೋಗಿ ಮೇಡಮ್ ಆಗಿದ್ದಾರೆ. ಸರ ಅಂಟಿಕೊಳ್ಳುವ ಪದವಲ್ಲ; ಪೊಲೀಸರಿಗೂ ಸರ, ಬಿಲ್ ಕಲೆಕ್ಟರನಿಗೂ ಸರ.

ನಿವೃತ್ತಿಯಾದ ಮಾಸ್ತರರು ಸುಮ್ಮನೆ ಕೂಡುವುದಿಲ್ಲ, ಓಣಿಯ ಹುಡುಗರನ್ನು ಕರೆದು ಲೆಕ್ಕ ಹೇಳಿಕೊಡುತ್ತಾರೆ. ಕಿಟ್ಟೆಲ್ಲರೂ ಹಾಗೇ. ಜರ್ಮನಿಗೆ ಮರಳಿ, ಎಪ್ಪತ್ತು ದಾಟಿದ ಮೇಲೆ ಕನ್ನಡ ವ್ಯಾಕರಣ ಪ್ರಕಟಿಸಿದರು, 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಆ ವ್ಯಾಕರಣ ಕೇಶಿರಾಜನನ್ನು ಆಧಾರವಾಗಿ ಹಿಡಿದರೂ ಹಳಗನ್ನಡಕ್ಕೇ ನಿಲ್ಲಲಿಲ್ಲ. ನಡುಗನ್ನಡವನ್ನೂ ಅಂದಿನ ಹೊಸಗನ್ನಡವನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿತು.